ಕಾಡಿಗೆ ಬಿದ್ದ ಬಾಂಬರ್: ಜಾಗ ಊರವರಿಗೆ ಗೊತ್ತಿತ್ತು, ಹೆಸರು ಫೈಲಿನಲ್ಲಿತ್ತು

ನಮಸ್ಕಾರ. 1944ರ ಜನವರಿ 25. ಚೀನಾದ ಕುನ್‌ಮಿಂಗ್‌ನಿಂದ ಅಸ್ಸಾಮಿನ ಚಬುವಾಗೆ ಹೊರಟ ಅಮೆರಿಕದ ಒಂದು ಬಾಂಬರ್ ಬಂದು ಸೇರಲೇ ಇಲ್ಲ. ಒಳಗೆ 8 ಜನ ಇದ್ದರು. ವಿಮಾನ 'ಬಿ-24 ಲಿಬರೇಟರ್', ಸಿಬ್ಬಂದಿ ಅದಕ್ಕೆ ಇಟ್ಟಿದ್ದ ಹೆಸರು 'ಹಾಟ್ ಆ್ಯಸ್ ಹೆಲ್'. ಅದರ ಅವಶೇಷ ಇದೇ ಅಂತ ಹೊರಜಗತ್ತಿಗೆ ಗೊತ್ತಾಗಿದ್ದು 2006ರಲ್ಲಿ. ಲೆಕ್ಕ ಹಾಕಿ, 62 ವರ್ಷ!

[ಮ್ಯಾಪ್: ಕುನ್‌ಮಿಂಗ್, ಚಬುವಾ, ದಮ್ರೋ. ಮೂರು ಚುಕ್ಕೆ]

ಈ ಮ್ಯಾಪ್ ಸ್ವಲ್ಪ ಗಮನವಿಟ್ಟು ನೋಡಿ. ಕುನ್‌ಮಿಂಗ್ ಇರುವುದು ಚಬುವಾದ ಆಗ್ನೇಯಕ್ಕೆ. ಅವಶೇಷ ಇದ್ದದ್ದು ಅರುಣಾಚಲದ ಅಪ್ಪರ್ ಸಿಯಾಂಗ್ ಜಿಲ್ಲೆಯಲ್ಲಿ, ದಮ್ರೋ ಅನ್ನುವ ಊರಿನ ಕಡೆಯ ಬೆಟ್ಟದಲ್ಲಿ. ಅದು ಚಬುವಾದ ಉತ್ತರಕ್ಕೆ. ಅಂದರೆ ವಿಮಾನ ಬರಬೇಕಾದ ದಾರಿಯಲ್ಲೇ ಇರಲಿಲ್ಲ. ಕಚೇರಿಯಲ್ಲಿ ಕೂತು, ಹೊರಟ ಜಾಗಕ್ಕೂ ಸೇರಬೇಕಾದ ಜಾಗಕ್ಕೂ ಒಂದು ಗೆರೆ ಎಳೆದು, ಆ ಗೆರೆಯ ಅಕ್ಕಪಕ್ಕ ಎಷ್ಟೇ ಹುಡುಕಿದ್ದರೂ ಇದು ಸಿಗುತ್ತಿರಲಿಲ್ಲ.

ಅಷ್ಟು ದಾರಿ ತಪ್ಪೋದು ಹೇಗೆ ಅಂತೀರಾ? ಜಪಾನಿಯರು 1942ರಲ್ಲಿ ಬರ್ಮಾ ಹಿಡಿದರು. ಚೀನಾಕ್ಕೆ ಸಾಮಾನು ಕಳಿಸುವ ರಸ್ತೆ ಬಂದ್ ಆಯಿತು. ಆಗ ಉಳಿದದ್ದು ಆಕಾಶ ಒಂದೇ. ಅಸ್ಸಾಮಿನಿಂದ ಹಿಮಾಲಯದ ಪೂರ್ವದ ತುದಿ ದಾಟಿ ಚೀನಾದ ಯುನ್ನಾನ್‌ಗೆ ಹೋಗುವ ಈ ದಾರಿಗೆ ಪೈಲಟ್‌ಗಳು 'ಹಂಪ್' ಅಂತ ಕರೆದರು. ಮೋಡ, ರೆಕ್ಕೆಯ ಮೇಲೆ ಕಟ್ಟುವ ಮಂಜುಗಡ್ಡೆ, ವಿಮಾನವನ್ನೇ ಪಕ್ಕಕ್ಕೆ ತಳ್ಳಿಬಿಡುವ ಗಾಳಿ. ರೇಡಿಯೋ ಸಿಗ್ನಲ್ ಕೈಕೊಟ್ಟರೆ ಕೆಳಗೆ ಅಸ್ಸಾಮಿನ ಬಯಲಿದೆಯೋ ಬೆಟ್ಟ ಇದೆಯೋ ತಿಳಿಯುತ್ತಿರಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಈ ದಾರಿಯಲ್ಲಿ ಬಿದ್ದು ಅಥವಾ ಕಾಣೆಯಾಗಿ ಕಳೆದುಹೋದ ವಿಮಾನಗಳು ಸುಮಾರು 600.

ಬಾಂಬರ್‌ಗೆ ಸಾಮಾನು ಸಾಗಿಸುವ ದಾರಿಯಲ್ಲಿ ಏನು ಕೆಲಸ ಅನ್ನಿಸಬಹುದು. ಚೀನಾದಲ್ಲಿದ್ದ ಅಮೆರಿಕದ 308ನೇ ಬಾಂಬರ್ ದಳಕ್ಕೆ ಪೆಟ್ರೋಲೂ ಇಲ್ಲಿಂದಲೇ ಹೋಗಬೇಕು, ಬಾಂಬೂ ಇಲ್ಲಿಂದಲೇ ಹೋಗಬೇಕು. ಹೊತ್ತು ತರಲು ಬೇರೆ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ತಮ್ಮ ಬಾಂಬರ್‌ಗಳಲ್ಲೇ ತಾವೇ ಹೊತ್ತರು. ಒಂದು ದಾಳಿ ಮಾಡಬೇಕಾದರೆ ಅದಕ್ಕೆ ಮೊದಲು ಹಲವು ಸಲ ಹಂಪ್ ದಾಟಬೇಕು. ಹೀಗೂ ಯುದ್ಧ ಮಾಡುತ್ತಾರಾ ಅನ್ನಿಸುತ್ತೆ, ಆದರೆ ಮಾಡಿದರು.

[ಫೋಟೋ: ಕಡಿದಾದ ಬೆಟ್ಟ, ಬಿದಿರು ಮೆಳೆ, ಮೋಡ]

ಈಗ ನಿಜವಾದ ವಿಷಯಕ್ಕೆ ಬರೋಣ. ಕ್ಲೇಟನ್ ಕೂಲ್ಸ್ ಅಂತ ಅಮೆರಿಕದ ಅರಿಜೋನಾದವರು, ಪರ್ವತಾರೋಹಿ. ಬರ್ಮಾದ ಬೆಟ್ಟಗಳಲ್ಲಿ ತಿರುಗುತ್ತಿದ್ದಾಗ, ಹತ್ತಿರದಲ್ಲೇ ಒಂದು ಹಳೆಯ ವಿಮಾನ ಬಿದ್ದಿದೆ ಅಂತ ಅಲ್ಲಿನವರಿಂದ ಕೇಳಿದರು. ಅಲ್ಲಿಂದ ಶುರುವಾದ ಹುಚ್ಚು ಇದು. ಬರ್ಮಾ, ಅರುಣಾಚಲ ಎಲ್ಲಾ ಸೇರಿ ಇವರು ತಲುಪಿದ ಜಾಗಗಳು 20ಕ್ಕೂ ಹೆಚ್ಚು. ಇದರಲ್ಲಿ ಉಪಗ್ರಹದ ಪಾತ್ರ ಇಲ್ಲವೇ ಇಲ್ಲ ಅನ್ನಬಹುದು. ಊರಿಗೆ ಹೋಗೋದು, ಬೇಟೆಗೆ ಹೋಗುವವರನ್ನು ಕೇಳೋದು, ಅವರ ಹಿಂದೆ ನಡೆಯೋದು. ಅಷ್ಟೇ.

ಊರವರನ್ನು ಕೇಳಿದರೆ ಆಯಿತು, ಅದರಲ್ಲೇನು ಅನ್ನಬೇಡಿ. ಯಾವ ವರ್ಷ ಬಿತ್ತು ಅಂತ ಕೇಳಿದರೆ ಉತ್ತರ ಬರೋದಿಲ್ಲ, ಬಂದರೂ ನಂಬೋ ಹಾಗಿಲ್ಲ. ಅಜ್ಜ ಹುಡುಗನಾಗಿದ್ದಾಗ, ಆ ಸಲ ಮಳೆ ಜಾಸ್ತಿ ಆಗಿದ್ದಾಗ, ಹೀಗೆ ಹೇಳುತ್ತಾರೆ. ಒಂದೇ ಬೆಟ್ಟಸಾಲಿನಲ್ಲಿ ಎರಡು ವಿಮಾನ ಬಿದ್ದಿದ್ದರೆ ಎರಡೂ ಸೇರಿ ಒಂದೇ ಕಥೆ ಆಗಿರುತ್ತದೆ. ಆದರೆ ಜಾಗದ ವಿಷಯದಲ್ಲಿ ಅವರು ತಪ್ಪೋದು ಕಡಿಮೆ. ಯಾವ ಹಳ್ಳ ದಾಟಿ, ಯಾವ ಏಣು ಹತ್ತಿ, ಎಲ್ಲಿ ರಾತ್ರಿ ತಂಗಿ, ಮಾರನೇ ದಿನ ಯಾವ ಕಡೆ ಇಳಿಯಬೇಕು, ಇದು ಬೇಟೆಗಾರರಿಗೆ ಕಾಲಿನಲ್ಲೇ ಇರುತ್ತದೆ.

ಇನ್ನೊಂದು ಸುಳಿವು ಮನೆಯೊಳಗೇ ಇರುತ್ತದೆ. ವಿಮಾನದ ಮೈ ಅಲ್ಯೂಮಿನಿಯಂ. ತುಕ್ಕು ಹಿಡಿಯೋದಿಲ್ಲ, ಹಗುರ, ಬಡಿದರೆ ಬಗ್ಗುತ್ತದೆ. ಲೋಹ ಸುಲಭವಾಗಿ ಸಿಗದ ಬೆಟ್ಟದ ಊರಿನಲ್ಲಿ ಅದನ್ನು ಯಾರು ಸುಮ್ನೆ ಬಿಡುತ್ತಾರೆ? ಆ ಕಡೆಯ ಊರುಗಳಲ್ಲಿ ವಿಮಾನದ ತಗಡು ಪಾತ್ರೆ ಆಗಿದೆ, ಮನೆ ಸಾಮಾನಾಗಿದೆ. ಇದನ್ನು ಕಳ್ಳತನ ಅನ್ನುವವರೂ ಇದ್ದಾರೆ. ನನಗೇನೋ ಇದು ದೊಡ್ಡ ಉಪಕಾರ ಅನ್ನಿಸುತ್ತದೆ. ಆ ತಗಡು ಮನೆಯಲ್ಲಿ ಇದ್ದದ್ದಕ್ಕೇ ಮೊಮ್ಮಕ್ಕಳಿಗೂ ಜಾಗ ಗೊತ್ತು, ಇದನ್ನು ಎಲ್ಲಿಂದ ತಂದಿರಿ ಅಂತ ಒಂದಲ್ಲ ಒಂದು ದಿನ ಯಾರಾದರೂ ಕೇಳಿಯೇ ಇರುತ್ತಾರೆ ಅಲ್ವಾ?

[ಚಿತ್ರ: ಬಿ-24ರ ನಾಲ್ಕು ಎಂಜಿನ್, ಜೋಡಿ ಬಾಲ. ಪಕ್ಕದಲ್ಲಿ ಎರಡು ಎಂಜಿನ್ನಿನ ಸಿ-47]

ಆಮೇಲೆ ಕೇಳಬೇಕಾದ್ದು, ಅಲ್ಲಿ ಏನೇನು ನೋಡಿದಿರಿ ಅಂತ. ಎಂಜಿನ್ ಎಷ್ಟು ಇದ್ದವು? ಎರಡು ಅಂದರೆ ಸಿ-46 ಅಥವಾ ಸಿ-47 ಸಾಗಣೆ ವಿಮಾನ ಇರಬಹುದು. ನಾಲ್ಕು ಅಂದರೆ ಕಿವಿ ನೆಟ್ಟಗಾಗಬೇಕು. ಬೆರಳಿಗಿಂತ ಉದ್ದದ ಗುಂಡುಗಳು, ದಪ್ಪ ನಳಿಗೆಯ ಗನ್ನು ಇತ್ತು ಅಂದರೆ ಬಾಂಬರ್ ಇರುವ ಸಾಧ್ಯತೆ ಹೆಚ್ಚು. ಹಳದಿ ಬಣ್ಣದ ಸಣ್ಣ ಸಿಲಿಂಡರ್ ನೋಡಿದೆ ಅಂದರೆ ಅದು ಆಕ್ಸಿಜನ್‌ದು. ಒಂದು ಎಚ್ಚರಿಕೆಯೂ ಬೇಕು. ಚೂರು ಹಳ್ಳದಲ್ಲಿ ಸಿಕ್ಕಿದರೆ ವಿಮಾನ ಅಲ್ಲೇ ಬಿದ್ದಿದೆ ಅಂತಲ್ಲ. ಭೂಕುಸಿತ, ಮಳೆಗಾಲದ ನೀರು ಎಲ್ಲವನ್ನೂ ಕೆಳಗೆ ತಂದಿರುತ್ತದೆ. ಹಳ್ಳ ಹಿಡಿದು ಮೇಲಕ್ಕೇ ಹೋಗಬೇಕು.

ಆದರೆ ಅದು ಇಂಥದ್ದೇ ವಿಮಾನ ಅಂತ ಯಾವ ಅಜ್ಜನೂ ಹೇಳಲಾರ. ಅದಕ್ಕೆ ನಂಬರ್ ಬೇಕು. ಬಾಲದ ಮೇಲೆ ಬರೆದ ನಂಬರ್, ಇಲ್ಲದಿದ್ದರೆ ಎಂಜಿನ್‌ಗೋ ಬಿಡಿಭಾಗಕ್ಕೋ ಹೊಡೆದ ಸಣ್ಣ ಲೋಹದ ಪಟ್ಟಿ. ವಿಮಾನ ಕಾಣೆಯಾದಾಗಲೆಲ್ಲ ಅಮೆರಿಕದ ಸೇನೆ ಒಂದು ವರದಿ ಬರೆದಿಡುತ್ತಿತ್ತು: ಯಾವ ನಂಬರ್, ಯಾರಿದ್ದರು, ಕೊನೆಗೆ ಎಲ್ಲಿಂದ ಸುದ್ದಿ ಬಂತು. ಬೆಟ್ಟದ ಮೇಲಿನ ನಂಬರ್ ಈ ವರದಿಗೆ ತಾಳೆ ಆದರೆ ಮುಗಿಯಿತು. ಜಾಗ ಗೊತ್ತಿದ್ದವರಿಗೆ ಹೆಸರು ಗೊತ್ತಿರಲಿಲ್ಲ, ಹೆಸರು ಗೊತ್ತಿದ್ದವರಿಗೆ ಜಾಗ ಗೊತ್ತಿರಲಿಲ್ಲ. ಇವರಿಬ್ಬರೂ ಭೇಟಿ ಆಗಲಿಲ್ಲ, ಅದಕ್ಕೇ 62 ವರ್ಷ ಹಿಡಿಯಿತು.

ಸಿಕ್ಕ ಮೇಲೂ ಕೆಲಸ ಬೇಗ ಆಗಲಿಲ್ಲ. ಅಮೆರಿಕದ ಸೇನೆಯ ತಂಡ ಸರಿಯಾಗಿ ಅಗೆದು ನೋಡಿದ್ದು 2015ರಲ್ಲಿ. ಸಿಕ್ಕ ಅಸ್ಥಿಗಳನ್ನು 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಗೌರವದೊಂದಿಗೆ ಕಳಿಸಿಕೊಟ್ಟರು. ಅದು ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಅಂತ ಗುರುತಾಯಿತು. ಸತ್ತಾಗ 24 ವರ್ಷ. 2017ರಲ್ಲಿ ಜಾರ್ಜಿಯಾ ರಾಜ್ಯದ ಅವರ ಸ್ವಂತ ಊರು ಕಾನ್‌ಕಾರ್ಡ್‌ನಲ್ಲಿ ಮಣ್ಣು ಮಾಡಿದರು.

ದಾರಿ ತೋರಿಸಿದವರ ಮಾತು ಸುದ್ದಿಗಳಲ್ಲಿ ಜಾಸ್ತಿ ಬರೋದಿಲ್ಲ, ನನಗೆ ಬೇಜಾರು ಅದೇ. 1945ರ ಜನವರಿಯಲ್ಲಿ 13 ಜನರ ಜೊತೆ ಕಾಣೆಯಾದ ಒಂದು ಸಿ-46 ಇತ್ತು. ಅದರಲ್ಲಿದ್ದ ಅಧಿಕಾರಿಯೊಬ್ಬರ ಮಗ ಕೇಳಿಕೊಂಡ ಮೇಲೆ ಕೂಲ್ಸ್ ಹುಡುಕಲು ಹೋದರು. ಜೊತೆಗೆ ಲಿಸು ಜನಾಂಗದ ಗೈಡ್‌ಗಳು. ಎದೆಮಟ್ಟದ ನದಿ ದಾಟಿ, ಹಿಮದಲ್ಲಿ ಬಿಡಾರ ಹೂಡಿ ಕೊನೆಗೆ ವಿಮಾನ ಸಿಕ್ಕಿತು, ಬಾಲದ ನಂಬರ್‌ನಿಂದ ಗುರುತೂ ಆಯಿತು. ಆದರೆ ಅದಕ್ಕೆ ಮೊದಲು, 2018ರಲ್ಲಿ, ಇದೇ ಹುಡುಕಾಟದಲ್ಲಿ ಹಿಮಪಾತಕ್ಕೆ ಸಿಕ್ಕಿ ಮೂವರು ಗೈಡ್‌ಗಳು ಚಳಿಗೆ ಸತ್ತಿದ್ದರು. ಹಳೆಯ ಯುದ್ಧಕ್ಕೆ ಹೊಸದಾಗಿ ಮೂರು ಜೀವ.

[ಫೋಟೋ: ಹಾರುತ್ತಿರುವ ಲಿಬರೇಟರ್]

ಅಂದಹಾಗೆ ಈ ಲಿಬರೇಟರ್‌ಗೂ ನಮ್ಮ ಬೆಂಗಳೂರಿಗೂ ನಂಟಿದೆ. ಯುದ್ಧ ಮುಗಿದ ಮೇಲೆ ಇನ್ನು ಹಾರಬಾರದು ಅಂತ ಹಾಳುಮಾಡಿ ಕಾನ್ಪುರದಲ್ಲಿ ಬಿಟ್ಟಿದ್ದ ಲಿಬರೇಟರ್‌ಗಳಲ್ಲಿ 40ಕ್ಕೂ ಹೆಚ್ಚನ್ನು ಎಚ್‌ಎಎಲ್‌ನವರು ಹೇಗೋ ಹಾರುವ ಹಾಗೆ ಮಾಡಿ ಬೆಂಗಳೂರಿಗೆ ತಂದು ರಿಪೇರಿ ಮಾಡಿದರು. ಪೈಲಟ್ ಜಮ್‌ಶೆಡ್ ಮುನ್ಷಿ. ನಮ್ಮ ವಾಯುಪಡೆ ಅವನ್ನು 1968ರ ತನಕ ಓಡಿಸಿತು. ಒಂದು ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿದೆ, 33 ಮೀಟರ್ ಅಗಲದ ರೆಕ್ಕೆ. ಬೆಟ್ಟದಿಂದ ತಂದ ಚೂರುಗಳನ್ನು ನೋಡಬೇಕು ಅಂದರೆ ಅರುಣಾಚಲದ ಪಾಸಿಘಾಟ್‌ಗೆ ಹೋಗಿ, 2023ರಲ್ಲಿ ಅಲ್ಲಿ ಹಂಪ್ ಮ್ಯೂಸಿಯಂ ಶುರುವಾಗಿದೆ.

ನಿಮ್ಮ ಕಡೆಯೂ ವಿಮಾನ ಬಿದ್ದ ಕಥೆ ಹೇಳುವ ಹಿರಿಯರಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಇಸವಿ ಕೇಳಿ ತಲೆ ತಿನ್ನಬೇಡಿ. ಯಾರು ಯಾರು ಹೋಗಿದ್ದರು, ಯಾವ ದಾರಿ, ಏನು ತಂದರು ಅಂತ ಕೇಳಿ. ಜಾಗಕ್ಕೇ ಹೋದಿರಾ? ನಂಬರ್ ಇರುವ ಪಟ್ಟಿ ಕಂಡರೆ ಕೀಳದೆ ಫೋಟೋ ತೆಗೆಯಿರಿ. ಗುಂಡು, ಬಾಂಬಿನಂಥದ್ದು ಕಂಡರೆ ಮುಟ್ಟಲೇಬೇಡಿ, ಪೊಲೀಸರಿಗೆ ಹೇಳಿ. ಎಷ್ಟೇ ಹಳೆಯದಾಗಿದ್ದರೂ ಅದು ಸಿಡಿಯಬಹುದು.