ಜೇಡಿಮಣ್ಣು ಯುರೇನಿಯಂ ಹಿಡಿಯುತ್ತೆ ನಿಜ, ಕೋಲಾರದ ಬೋರ್‌ವೆಲ್ ನೀರಲ್ಲಿ ಹಿಡಿಯುತ್ತಾ?

ಎಲ್ರಿಗೂ ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್‌ವೆಲ್ ನೀರಲ್ಲಿ ಯುರೇನಿಯಂ ಅಂತ ಸುದ್ದಿ ಬಂದಾಗೆಲ್ಲ ಒಂದು ಸಲಹೆನೂ ಜೊತೆಗೇ ಓಡಾಡುತ್ತೆ, ಜೇಡಿಮಣ್ಣು ಹಾಕಿ ಸೋಸಿ, ಮಣ್ಣೇ ಎಲ್ಲಾ ಹೀರ್ಕೊಳ್ಳುತ್ತೆ ಅಂತ. ದಯವಿಟ್ಟು ಇದನ್ನ ನಂಬ್ಕೊಂಡು ಮಕ್ಕಳಿಗೆ ಆ ನೀರು ಕೊಡ್ಬೇಡಿ.

ಜೇಡಿಗೆ ಆ ಶಕ್ತಿ ಇಲ್ಲ ಅಂತಲ್ಲ. ಅದರ ಕಣ ಅಂದ್ರೆ ಹಪ್ಪಳ ಪೇರಿಸಿಟ್ಟ ಹಾಗೆ ತೆಳು ಪದರಗಳು, ಪದರದ ಮೈಮೇಲೆ ಋಣ ಚಾರ್ಜು, ಮುರಿದ ಅಂಚಲ್ಲಿ ಅಲ್ಯೂಮಿನಿಯಂಗೂ ಸಿಲಿಕಾನ್‌ಗೂ ಅಂಟಿದ ಹೈಡ್ರಾಕ್ಸಿಲ್‌ಗಳು, ಅಂದ್ರೆ ಆಮ್ಲಜನಕ-ಜಲಜನಕದ ಜೋಡಿಗಳು. ನೀರಲ್ಲಿ ಕರಗಿದ ಯುರೇನಿಯಂ ಎರಡು ಆಮ್ಲಜನಕ ಕಟ್ಕೊಂಡು ಯುರೇನಿಲ್ ಅನ್ನೋ ಧನ ಅಯಾನ್ (ಧನ ಚಾರ್ಜ್ ಇರೋ ಕಣ) ಆಗಿರುತ್ತೆ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 6ರ ಆಸುಪಾಸಲ್ಲಿ ಅದು ಆ ಅಂಚಿಗೆ ಗಟ್ಟಿಯಾಗಿ ಕೂತ್ಬಿಡುತ್ತೆ. ಕೆನಡಾದ ಸಿಗಾರ್ ಲೇಕ್‌ನಲ್ಲಿ 400 ಮೀಟರ್‌ಗಿಂತ ಆಳದಲ್ಲಿ ನೂರು ಕೋಟಿ ವರ್ಷಕ್ಕೂ ಹಳೇ ಯುರೇನಿಯಂ ಅದಿರು ಇದೆ, ಸುತ್ತ ಜೇಡಿಯ ಹೊದಿಕೆ, ಮೇಲಿನ ನೆಲದಲ್ಲಿ ಅದರ ಸುಳಿವೇ ಇರ್ಲಿಲ್ಲ. ಆದ್ರೆ ಅಲ್ಲಿ ಆಳದ ನೀರಲ್ಲಿ ಆಮ್ಲಜನಕ ಇಲ್ಲ, ಯುರೇನಿಯಂ ಕರಗೋದೇ ಕಮ್ಮಿ, ಇದನ್ನ ಹೇಳದೆ ಜೇಡಿನ ಮಾತ್ರ ಹೊಗಳಿದ್ರೆ ತಪ್ಪಾಗುತ್ತೆ.

ಈಗ ನಮ್ಮ ನೀರಿಗೆ ಬನ್ನಿ. ಗ್ರಾನೈಟ್ ಬಿರುಕಿಂದ ಬರೋ ಈ ಗಡಸು ನೀರಲ್ಲಿ ಪಿಎಚ್ ಸಾಮಾನ್ಯವಾಗಿ 7ರ ಮೇಲೆ, ಕಾರ್ಬೊನೇಟ್ ಕೊಡೋ ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಜಾಸ್ತಿ. ಮೂರು ಕಾರ್ಬೊನೇಟ್ ಬಂದು ಯುರೇನಿಲ್‌ನ ಸುತ್ತುವರಿದ್ರೆ ಅದರ ಚಾರ್ಜೇ ಉಲ್ಟಾ, ಋಣ ನಾಲ್ಕು, ಮೇಲೆ ಎರಡು ಕ್ಯಾಲ್ಸಿಯಂ ಸೇರಿದ್ರೆ ಚಾರ್ಜೇ ಇಲ್ಲ. ಋಣ ಇರೋದನ್ನ ಜೇಡಿ ದೂರ ತಳ್ಳುತ್ತೆ, ಚಾರ್ಜೇ ಇಲ್ಲದ್ದನ್ನ ಹಿಡಿಯೋಕೆ ಅದಕ್ಕೆ ಏನೂ ಸಿಗಲ್ಲ, ಅಂಚಿಗೆ ಅಂಟಿದ್ದೂ ಬಿಟ್ಕೊಂಡು ನೀರಿಗೆ ವಾಪಸ್ ಬರ್ಬಹುದು. ಅದೇ ಜೇಡಿ, ಅದೇ ಯುರೇನಿಯಂ, ನೀರು ಮಾತ್ರ ಬೇರೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಲೀಟರ್‌ಗೆ 30 ಮೈಕ್ರೋಗ್ರಾಂ, ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿದು 60. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ವಿಜ್ಞಾನಿಗಳು ಪೂರ್ವ ಕರ್ನಾಟಕದ ಹಳ್ಳಿಗಳಲ್ಲಿ ನೋಡಿದಾಗ 60 ದಾಟಿದ ಬೋರ್‌ವೆಲ್‌ಗಳು ಬೇಕಾದಷ್ಟು ಸಿಕ್ಕಿದ್ವು. ಇಲ್ಲಿ ವಿಕಿರಣಕ್ಕಿಂತ ಮೊದಲ ಭಯ ಕಿಡ್ನಿದು. ಕುದಿಸಿದ್ರೂ ಯುರೇನಿಯಂ ಹೋಗಲ್ಲ. ಆರ್‌ಒ ಮೆಂಬ್ರೇನ್ ಸರಿಯಾಗಿದ್ರೆ ಬಹುಪಾಲು ತೆಗೆಯುತ್ತೆ, ಹಾಗಾಗಿ ಕುಡಿಯೋಕೆ, ಅಡುಗೆಗೆ ಆರ್‌ಒ ಇರೋ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಬಳಸಿ.

ನನಗೆ ನಿಜವಾಗ್ಲೂ ಚಿಂತೆ ಇರೋದು ಆ ಘಟಕದ ಹಿಂದಿನ ಪೈಪ್ ಬಗ್ಗೆ. ತೆಗೆದ ಯುರೇನಿಯಂ ಎಲ್ಲೂ ಮಾಯ ಆಗಲ್ಲ, ಕಾರ್ಬೊನೇಟ್ ಕ್ಯಾಲ್ಸಿಯಂ ಸಮೇತ ಇನ್ನೂ ದಟ್ಟವಾಗಿ ವೇಸ್ಟ್ ನೀರಲ್ಲಿ ಹೋಗುತ್ತೆ, ಅದನ್ನ ಚರಂಡಿಗೋ ಪಕ್ಕದ ಗುಂಡಿಗೋ ಬಿಟ್ಟು ಮಣ್ಣು ನೋಡ್ಕೊಳ್ಳುತ್ತೆ ಅಂದ್ಕೊಂಡ್ರೆ ಈ ನೀರಲ್ಲಿ ಮಣ್ಣಿನ ಕೈಲಿ ಅದು ಆಗಲ್ಲ, ಇಳಿದು ಮತ್ತೆ ಅದೇ ಬೋರ್‌ವೆಲ್ ಸೇರ್ಬಹುದು. ಅದಕ್ಕೇ ಕೇಳ್ತಿದೀನಿ, ಪಂಚಾಯ್ತಿಗಳು ನೀರಿನ ರಿಪೋರ್ಟಲ್ಲಿ ಯುರೇನಿಯಂ ಜೊತೆ ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಪಿಎಚ್ ಎಲ್ಲಾ ಬರೀಬೇಕು, ಆ ವೇಸ್ಟ್ ನೀರಿನ ಸ್ಯಾಂಪಲ್ಲೂ ಲ್ಯಾಬಿಗೆ ಹೋಗ್ಬೇಕು. ನಿಮ್ಮೂರ ಗ್ರಾಮಸಭೆಲಿ ಇದನ್ನ ಕೇಳಿ.