ಗಡಿಯಲ್ಲಿ ಲಾರಿ ಎಷ್ಟು ಸಲ ನಿಲ್ಲಬೇಕು?

ಕೇಳುಗರಿಗೆ ನಮಸ್ಕಾರ. ಕಲಬುರಗಿ ಗಂಜ್‌ನಲ್ಲಿ ತೊಗರಿ ದರ ಇಳಿದರೆ ‘ಆಫ್ರಿಕಾದ ಮಾಲು ಬಂತು’ ಅಂತೀವಿ. ಅದು ಬರುವ ದಾರಿ ನೋಡ್ರಿ. ಮಲಾವಿ ದೇಶಕ್ಕೆ ಸಮುದ್ರವೇ ಇಲ್ಲ. ಅಲ್ಲಿಯ ತೊಗರಿ ಹೆಚ್ಚಾಗಿ ಮೊಜಾಂಬಿಕ್ ಗಡಿ ದಾಟಿ, ಬೈರಾ ಇಲ್ಲವೇ ನಕಾಲಾ ಬಂದರಿನಲ್ಲಿ ಹಡಗು ಹತ್ತುತ್ತದೆ. ವರ್ಷಕ್ಕೆ 50,000 ಟನ್ ತರಿಸುವ ಒಪ್ಪಂದ 2021ರಲ್ಲೇ ಆಗಿತ್ತು. ಇಂಥ ಮಾಲು ತಡವಾದರೆ ಎಲ್ಲರೂ ರಸ್ತೆಯನ್ನು ಬೈತಾರೆ. ರಸ್ತೆಯದಲ್ಲ ತಪ್ಪು, ಒಂದೇ ಕೆಲಸಕ್ಕೆ ಗಡಿಯಲ್ಲಿ ಎರಡು ಸಲ ನಿಲ್ಲಿಸೋದು ತಪ್ಪು.

ಉದಾಹರಣೆಗೆ, ಆಫ್ರಿಕಾದಲ್ಲೇ ಜಾಂಬಿಯಾ, ಜಿಂಬಾಬ್ವೆ ದೇಶಗಳ ನಡುವೆ ಚಿರುಂಡು ಅಂತ ಊರಿದೆ. ಜಾಂಬೆಜಿ ನದಿ, ಮೇಲೆ ಸೇತುವೆ, ದಡಕ್ಕೊಂದು ಗಡಿ ಠಾಣೆ. ಮೊದಲೆಲ್ಲ ಈ ದಡದಲ್ಲಿ ಕಾಗದ, ಸೀಲು, ತಪಾಸಣೆ. ಸೇತುವೆ ದಾಟಿದ ಮೇಲೆ ಅದೇ ಕಾಗದ, ಅದೇ ಸೀಲು, ಇನ್ನೊಮ್ಮೆ. ಲಾರಿ ದಿನಗಟ್ಟಲೆ ಅಲ್ಲೇ. 2009ರ ಡಿಸೆಂಬರ್‌ನಲ್ಲಿ ಪದ್ಧತಿ ಬದಲಾಯಿತು. ಜಾಂಬಿಯಾದಿಂದ ಹೊರಟ ಲಾರಿ ಈಗ ಸೀದಾ ಸೇತುವೆ ದಾಟಿ ಜಿಂಬಾಬ್ವೆ ಅಂಗಳಕ್ಕೆ ಹೋಗಿ ನಿಲ್ತದೆ. ಅಲ್ಲಿ ಜಾಂಬಿಯಾದ ಅಧಿಕಾರಿಗಳೂ ಕೂತಿರ್ತಾರೆ. ಮೊದಲು ಅವರ ‘ಹೊರಟಿತು’ ಮುದ್ರೆ, ಆಮೇಲೆ ಪಕ್ಕದವರ ‘ಬಂತು’ ಮುದ್ರೆ. ಚೀಲ ಬಿಚ್ಚಿ ನೋಡೋದಿದ್ದರೆ ಇಬ್ಬರೂ ಕೂಡಿ ಒಂದೇ ಸಲ ನೋಡಬೇಕು. ಆ ಕಡೆಯಿಂದ ಬರುವ ಲಾರಿಗೆ ಜಾಂಬಿಯಾ ಅಂಗಳ. ಪರದೇಶದ ನೆಲದಲ್ಲಿ ಕೂತು ತನ್ನ ಕಾನೂನು ನಡೆಸೋಕೆ ಅಧಿಕಾರ ಬೇಕಲ್ಲ? ಅದಕ್ಕೆಂದೇ ಎರಡೂ ದೇಶ ಬೇರೆ ಕಾಯ್ದೆ ಮಾಡಿದವು. ಕಟ್ಟಡ ಯಾರು ಬೇಕಾದರೂ ಕಟ್ಟಬಹುದು, ಈ ಕಾಯ್ದೆಯೇ ಕಷ್ಟದ ಕೆಲಸ.

ಈ ಪದ್ಧತಿ ಕೆಡೋದು ಎಲ್ಲಿ? ಒಬ್ಬರ ಕಚೇರಿ ಸಂಜೆ ಆರಕ್ಕೆ ಮುಚ್ಚಿ, ಇನ್ನೊಬ್ಬರದು ರಾತ್ರಿ ಹತ್ತರ ತನಕ ತೆರೆದಿದ್ದರೆ, ಆ ನಾಲ್ಕು ತಾಸು ದಂಡ. ಕಂಪ್ಯೂಟರ್‌ಗಳು ಜೋಡಣೆಯಾಗದಿದ್ದರೆ ಒಂದೇ ಇನ್‌ವಾಯ್ಸ್ ಎರಡು ಸಲ ಟೈಪ್ ಆಗ್ತದೆ. ತೂಕದ್ದು ಇನ್ನೊಂದು ತಕರಾರು: 50 ಕಿಲೋದ 500 ಚೀಲ ಅಂದರೆ ನಿವ್ವಳ 25 ಟನ್. ಕಾಟಾ ಚೀಟಿಯಲ್ಲಿ ಖಾಲಿ ಚೀಲದ ತೂಕವೂ ಸೇರಿದ್ದರೆ ಲೆಕ್ಕ ಕೂಡೋದಿಲ್ಲ, ಲಾರಿ ಪಕ್ಕಕ್ಕೆ. ಲಾರಿ ಬಾಗಿಲಿಗೆ ಹಾಕಿದ ಸೀಲಿನ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಅದೇ ಗತಿ.

ಹುಮನಾಬಾದ್ ಮೇಲೆ ಹೈದರಾಬಾದಿಗೆ ಮಾಲು ಹಾಕುತ್ತಿದ್ದವರಿಗೆ ಜಿಎಸ್‌ಟಿಗೆ ಮುಂಚಿನ ತೆರಿಗೆ ಚೆಕ್‌ಪೋಸ್ಟ್ ನೆನಪಿರಬೇಕು. 2017ರ ಜುಲೈ ನಂತರ ಅವು ಹೋದವು, ಅಲ್ಲಿ ನಿಲ್ಲೋದೂ ತಪ್ಪಿತು, ರಸ್ತೆ ಮಾತ್ರ ಅದೇ ಇತ್ತು.

ಸಮಯ ಆಯಿತು ಅಂತ ಗಾಜಿನಾಚೆಯಿಂದ ಕೈ ಮಾಡ್ತಿದ್ದಾರೆ. ಬಾಂಗ್ಲಾ ಗಡಿಯ ನಮ್ಮ ಪೆಟ್ರಾಪೋಲ್ ಬಗ್ಗೆ ಒಂದೇ ಮಾತು: ಅಲ್ಲಿ ಒಂದೇ ಆವರಣದಲ್ಲಿ ಕೂತಿರೋದು ನಮ್ಮ ಇಲಾಖೆಗಳು. ಬಾಂಗ್ಲಾದವರ ಠಾಣೆ ಆಚೆ ಬೇನಾಪೋಲ್‌ನಲ್ಲಿ. ಆವರಣ ಎಷ್ಟೇ ದೊಡ್ಡದಿರಲಿ, ಲಾರಿ ನಿಲ್ಲೋದು ಎರಡು ಸಲವೇ. ನಮಸ್ಕಾರ.