ಎರಡು ಮನೆ ಮಧ್ಯದ ಶ್ರುತಿ

ನಮಸ್ಕಾರ, ದಾವಣಗೆರೆಯಿಂದ. ಈ ತಿಂಗಳು ಹೊಸದಾಗಿ ಏನು ಕೇಳಿದೆ ಅಂತ ಹೇಳೋಣ ಎಂದು ಕೂತೆ. ಆದರೆ ಆ ಹೊಸ ಆಲ್ಬಂ ನನ್ನನ್ನು ಸೀದಾ ನಮ್ಮ ಮನೆಯ ಹಳೇ ಟೇಪ್ ರೆಕಾರ್ಡರ್ ಮುಂದೆ ಕೂರಿಸಿಬಿಟ್ಟಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

1997ಕ್ಕೆ ಮುಂಚಿನ ಮಾತು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅಪ್ಪನಿಗೆ ಹತ್ತಿ ಮಿಲ್ಲಿನಲ್ಲಿ ಪಾಳಿ ಕೆಲಸ. ಮನೆಯಲ್ಲಿ ಇದ್ದದ್ದೇ ಏಳೆಂಟು ಕ್ಯಾಸೆಟ್. ಅದರಲ್ಲಿ ಜಾಸ್ತಿ ಸವೆದದ್ದು ‘ನಿತ್ಯೋತ್ಸವ’. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ. 1978ರಲ್ಲಿ ಬಂದ, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಅಪ್ಪ, ಬೇರೆ ಏನು ಹಾಕಿದರೂ ‘ಸೌಂಡ್ ಕಮ್ಮಿ ಮಾಡೋ’ ಅಂತ ಕೂಗುತ್ತಿದ್ದರು. ಇದೊಂದಕ್ಕೆ ಮಾತ್ರ ಸುಮ್ನೆ ಇರುತ್ತಿದ್ದರು.

ಒಂದು ಸಲ ಟೇಪಿನ ರಬ್ಬರ್ ಬೆಲ್ಟು ಸಡಿಲವಾಯಿತು. ಹಾಡು ಎಳೆಯತೊಡಗಿತು, ನಿದ್ದೆಗಣ್ಣಲ್ಲಿ ಹಾಡಿದ ಹಾಗೆ. ಆ ಟೇಪುಗಳ ಮೋಟಾರಿನ ಹಿಂದೆ ಒಂದು ಸಣ್ಣ ತೂತು ಇರುತ್ತೆ, ಒಳಗೆ ಸ್ಕ್ರೂ. ತಿರುಗಿಸಿದರೆ ವೇಗ ಹೆಚ್ಚುಕಮ್ಮಿ ಆಗುತ್ತೆ. ನಮ್ಮಣ್ಣ ಅದನ್ನು ತಿರುಗಿಸಿ ಸರಿ ಮಾಡಿದ. ತಿಂಗಳಾದ ಮೇಲೆ ಬೆಲ್ಟು ಹರಿದೇ ಹೋಯಿತು. ರಿಪೇರಿ ಅಂಗಡಿಯವರು ಹೊಸ ಬೆಲ್ಟು ಹಾಕಿಕೊಟ್ಟರು. ಸ್ಕ್ರೂ ಕಡೆ ಯಾರೂ ನೋಡಲಿಲ್ಲ. ಅವತ್ತಿನಿಂದ ನಮ್ಮ ಟೇಪಿನಲ್ಲಿ ಗಾಯಕರೆಲ್ಲರೂ ಒಂಚೂರು ಬೇಗ, ಒಂಚೂರು ಮೇಲೆ ಹಾಡತೊಡಗಿದರು.

ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದು ದೊಡ್ಡಪ್ಪನಿಗೆ. ಅವರು ಭಜನೆಗೆ ಹಾರ್ಮೋನಿಯಂ ಹಿಡಿಯುತ್ತಿದ್ದವರು. ಒಂದಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕ್ಯಾಸೆಟ್ ಜೊತೆ ನುಡಿಸಲು ನೋಡಿದರು. ಈ ಮನೆ, ಅಂದರೆ ಹಾರ್ಮೋನಿಯಂ ಕೀಲಿ, ಒತ್ತಿದರೆ ಶ್ರುತಿ ಕೆಳಗೆ, ಪಕ್ಕದ್ದು ಒತ್ತಿದರೆ ಮೇಲೆ. ‘ಇದೇನಪಾ ತಮ್ಮಾ, ನಿಮ್ಮ ಟೇಪು ಎರಡು ಮನೆ ಮಧ್ಯೆ ನಿಂತೈತಲ್ಲ’ ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಈಗ ಹೊಸ ಆಲ್ಬಂಗೆ ಬರುತ್ತೇನೆ. ಹೊಸದು ನನಗೆ ಮಾತ್ರ. ಅಮೆರಿಕದ ಜಾಝ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’, 1959ರದ್ದು. ಜಾಝ್ ಅಂದರೆ ಹೋಟೆಲ್ ಲಿಫ್ಟಿನ ಸಂಗೀತ ಅಂದುಕೊಂಡಿದ್ದವನು ನಾನು. ಬೆಳಗ್ಗೆ ಕುಂದವಾಡ ಕೆರೆ ಸುತ್ತುವಾಗ ಕಿವಿಗೆ ಹಾಕಿಕೊಂಡೆ. ಮೊದಲನೇ ಟ್ಯೂನಿನಲ್ಲಿ ಬಾಸ್ ಅನ್ನುವ ದಪ್ಪ ದನಿಯ ತಂತಿವಾದ್ಯ ಒಂದು ಮಾತು ಹೇಳುತ್ತೆ, ತುತ್ತೂರಿಗಳು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತವೆ. ಆಮೇಲೆ ಒಬ್ಬೊಬ್ಬರೂ ಅವಸರವಿಲ್ಲದೆ ಅದೇ ಸ್ವರಗಳಲ್ಲಿ ಓಡಾಡುತ್ತಾರೆ. ಆ ಸ್ವರಗಳು ನಮ್ಮ ಹಿಂದುಸ್ತಾನಿ ಸಂಗೀತದ ಕಾಫಿ ಥಾಟಿನವೇ; ಥಾಟ್ ಅಂದರೆ ಏಳು ಸ್ವರಗಳ ಗುಂಪು. ಕರ್ನಾಟಕ ಸಂಗೀತದವರು ಖರಹರಪ್ರಿಯ ಅನ್ನುತ್ತಾರಲ್ಲ, ಅದೇ. ರಾಗ ಅಂತ ಹೇಳಲಾಗದು, ಆದರೆ ಕಿವಿ ತಟ್ಟನೆ ನೆಂಟಸ್ತನ ಹಿಡಿಯಿತು. ನಾಲ್ಕು ಎಣಿಕೆಯ ಹದಿನಾರು ಆವರ್ತ ಅಲ್ಲೇ ಕೂತು, ಮುಂದಿನ ಎಂಟು ಆವರ್ತಕ್ಕೆ ಎಲ್ಲವನ್ನೂ ಪಕ್ಕದ ಮನೆಗೆ ಏರಿಸಿ, ಮತ್ತೆ ಎಂಟಕ್ಕೆ ವಾಪಸ್. ಆ ಏರುವ ಜಾಗಕ್ಕೆ ನಾನು ಪ್ರತಿ ಸಲ ನಡಿಗೆ ನಿಧಾನ ಮಾಡುತ್ತೇನೆ.

ಅದರ ಬಗ್ಗೆ ಓದುತ್ತಾ ಹೋದಾಗ ಸಿಕ್ಕಿದ ವಿಷಯ ಕೇಳಿ. 1959ರ ಮಾರ್ಚ್ 2ರಂದು, ಮೊದಲ ಸೈಡಿನ ಮೂರು ಟ್ಯೂನ್ ರೆಕಾರ್ಡ್ ಆದ ದಿನ, ಟೇಪ್ ಯಂತ್ರ ಒಂಚೂರು ನಿಧಾನ ಓಡಿತ್ತು. ನಿಧಾನ ಓಡಿದ ಟೇಪನ್ನು ಸರಿ ವೇಗದಲ್ಲಿ ಹಾಕಿದರೆ ಏನಾಗುತ್ತೆ? ಎಲ್ಲ ಬೇಗ, ಎಲ್ಲ ಮೇಲೆ. ಅದನ್ನು ಸರಿ ಮಾಡಿ ಬಿಟ್ಟದ್ದು 1992ರಲ್ಲಿ. ಮೂವತ್ತಮೂರು ವರ್ಷ ಪ್ರಪಂಚವೆಲ್ಲ ಕೇಳಿದ್ದು ನಮ್ಮ ಮನೆಯ ಟೇಪಿನಂಥದ್ದನ್ನೇ! ಕೆರೆ ಏರಿ ಮೇಲೆ ಒಬ್ಬನೇ ನಕ್ಕೆ. ದೊಡ್ಡಪ್ಪ ಇದ್ದಿದ್ದರೆ ಹೇಳಬಹುದಿತ್ತು.

ನನಗೆ ಸರಿ ಮಾಡಿದ್ದೇ ಸಾಕು. ತಪ್ಪು ವೇಗದ್ದನ್ನೂ ಹುಡುಕಿ ಕೇಳಿದೆ, ಏನೂ ಅನ್ನಿಸಲಿಲ್ಲ. ಅದರ ಜೊತೆ ನಾನು ಬೆಳೆದಿಲ್ಲವಲ್ಲ. ‘ನಿತ್ಯೋತ್ಸವ’ದ ಕಥೆಯೇ ಬೇರೆ. ಫೋನಿನಲ್ಲಿ ಮೊದಲ ಸಲ ಸರಿಯಾದ ವೇಗದಲ್ಲಿ ಕೇಳಿದಾಗ ಅನಂತಸ್ವಾಮಿ ಅವರಿಗೆ ಹುಷಾರಿಲ್ಲವೇನೋ ಅನ್ನಿಸಿತು. ಅಷ್ಟು ತಗ್ಗು, ಅಷ್ಟು ನಿಧಾನ. ಅವರ ನಿಜವಾದ ದನಿ ಅದೇ ಅಂತ ಬುದ್ಧಿಗೆ ಗೊತ್ತು, ಕಿವಿ ಒಪ್ಪಲ್ಲ.

ರಘು ದೀಕ್ಷಿತ್ ಅವರ 2008ರ ಆಲ್ಬಂ ಬಂದಾಗಲೂ ಹೀಗೇ ಆಗಿತ್ತು. ಸಿ. ಅಶ್ವಥ್ ಅವರ ದನಿಯಲ್ಲಿ ಶರೀಫರ ಪದ ಕೇಳಿ ಬೆಳೆದವನಿಗೆ ಅದರಲ್ಲಿ ಶರೀಫರ ಪದದ ಜೊತೆ ಗಿಟಾರ್ ಕೇಳಿ ಸಿಟ್ಟು ಬಂತು. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರು ಹೇಗೆ ಹಾಡಿದ್ದರು ಅಂತ ಕೇಳಿದವರು ಯಾರೂ ಉಳಿದಿಲ್ಲ. ಹಾಗಿದ್ದಮೇಲೆ ಅಶ್ವಥ್ ಅವರದೇ ಅಸಲಿ ಅಂತ ನಾನು ಹಟ ಹಿಡಿದದ್ದು ಯಾಕೆ? ಮೊದಲು ಕೇಳಿದ್ದಕ್ಕೆ, ಅಷ್ಟೇ. ಈಗ ಎರಡೂ ಇಷ್ಟ. ಗಿಟಾರಿನದ್ದು ಬಸ್ಸಿನಲ್ಲಿ, ಅಶ್ವಥ್ ಅವರದ್ದು ಮನೆಯಲ್ಲಿ.

‘ನಿತ್ಯೋತ್ಸವ’ ಹಳೇ ಹಾಗೆ ಕೇಳಲಿ ಅಂತ ಫೋನಿನಲ್ಲಿ ವೇಗ ಹೆಚ್ಚಿಸಿ ನೋಡಿದೆ. ಹಾಡು ಬೇಗ ಓಡುತ್ತೆ, ಶ್ರುತಿ ಮಾತ್ರ ಏರಲ್ಲ. ಹೋದ ವಾರ ಅಟ್ಟದಿಂದ ಟೇಪ್ ಇಳಿಸಿದೆ. ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು, ಬೆರಳ ಕಪ್ಪು ಎರಡು ದಿನ ಹೋಗಲಿಲ್ಲ. ಊರೆಲ್ಲ ಸುತ್ತಿ, ಇಂಥದ್ದನ್ನು ಇನ್ನೂ ಬಿಚ್ಚುವ ಒಬ್ಬ ಹಿರಿಯರನ್ನು ಹುಡುಕಿ ಕೊಟ್ಟು ಬಂದಿದ್ದೇನೆ. ಬೆಲ್ಟು ಹೊಸದು ಹಾಕಿ, ಹೆಡ್ ಒರೆಸಿ, ಏನು ಬೇಕಾದರೂ ಮಾಡಿ. ‘ಆ ಮೋಟಾರಿನ ಸ್ಕ್ರೂ ಒಂದು ಮುಟ್ಟಬೇಡಿ ಅಣ್ಣ’ ಅಂತ ಎರಡೆರಡು ಸಲ ಹೇಳಿದ್ದೇನೆ.